ಕಾರಿಗೆ ಸಣ್ಣ ಡಿಕ್ಕಿಯಾದಾಗ ಪೊಲೀಸರ ಹತ್ತಿರ ಏನು ಹೇಳಬೇಕು?

ಸಿಗ್ನಲ್ ಹತ್ತಿರ ಹಿಂದಿನ ಕಾರು ಬಂದು ತಾಗಿದೆ, ಬಂಪರ್ ನುಗ್ಗಾಗಿದೆ, ಯಾರಿಗೂ ಪೆಟ್ಟಾಗಿಲ್ಲ ಅಂದುಕೊಳ್ಳಿ. ಗಾಬರಿ ಬೇಡ. ಆದರೆ ಸಣ್ಣದು ಅಲ್ವಾ ಅಂತ ಸುಮ್ನೆ ಹೊರಟುಬಿಡಬೇಡಿ. ಚಿಕ್ಕ ವಿಷಯ ದೊಡ್ಡ ಕೇಸಾಗುವುದು ಹಾಗೆ ಹೋದಾಗಲೇ.

ಗಾಡಿ ಬದಿಗೆ ಸರಿಸುವ ಮುಂಚೆ ಬೇಗ ನಾಲ್ಕು ಫೋಟೋ ತೆಗೆಯಿರಿ. ಎರಡೂ ನಂಬರ್ ಪ್ಲೇಟ್, ನುಗ್ಗಾದ ಜಾಗ, ರಸ್ತೆಯಲ್ಲಿ ಬಿದ್ದ ಗಾಜಿನ ಚೂರು ಕಾಣಲಿ.

ಪೊಲೀಸರು ಕೇಳಿದಾಗ ನಡೆದದ್ದನ್ನಷ್ಟೇ ಹೇಳಿ. "ನಾನು ನಿಂತಿದ್ದೆ, ಹಿಂದಿನಿಂದ ತಾಗಿತು." ಇಷ್ಟು ಸಾಕು. ಆ ಕಾರಿನ ವೇಗ ಎಷ್ಟಿತ್ತು ಅಂತ ಕೇಳಿದಾಗ, ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಿ. ಅಂದಾಜಿಗೆ ಹೇಳಿದ ಅಂಕಿ ಹೇಳಿಕೆಯಲ್ಲಿ ಹಾಗೇ ಉಳಿದುಬಿಡುತ್ತದೆ. ಸುಳ್ಳಂತೂ ಬೇಡವೇ ಬೇಡ. "ಯಾರಿಗೂ ಏನೂ ಆಗಿಲ್ಲ" ಅಂತಲೂ ಬರೆದುಕೊಡಬೇಡಿ. ಕತ್ತು ನೋವು ಎಷ್ಟೋ ಸಲ ಮಾರನೇ ದಿನ ಶುರುವಾಗುತ್ತದೆ. "ಸದ್ಯಕ್ಕೆ ನೋವಿಲ್ಲ" ಅನ್ನುವುದೇ ಸರಿ.

ಸಹಿಯ ವಿಷಯದಲ್ಲಿ ಮಾತ್ರ ದಯವಿಟ್ಟು ಆತುರ ಬೇಡ. ಪೂರ್ತಿ ಓದಿ. ತಪ್ಪಿದ್ದರೆ ಅಲ್ಲೇ ತಿದ್ದಲು ಕೇಳಿ. ನಡುವೆ ಖಾಲಿ ಜಾಗ ಬಿಟ್ಟ ಹಾಳೆಗೆ ಸಹಿ ಹಾಕಲೇಬೇಡಿ. ದೂರಿನ ನಂಬರ್, ಅಧಿಕಾರಿಯ ಹೆಸರು ಬರೆದುಕೊಂಡು, ಅದೇ ದಿನ ಇನ್ಶೂರೆನ್ಸ್‌ನವರಿಗೆ ತಿಳಿಸಿ.