‘ಜಡವಸ್ತು’ ಅಂದಿದ್ದು ನಮ್ಮ ಎಡವಟ್ಟು

ನಮಸ್ಕಾರ. ಕಳೆದ ಸಂಚಿಕೆಯಲ್ಲಿ ಹಳೆಯ ಗ್ರೀಕ್ ತತ್ವಜ್ಞಾನಿ ಅರಿಸ್ಟಾಟಲ್ ಬಗ್ಗೆ ಬಂದ ಲೇಖನ ಓದಿ ನೀವು ಹೀಗೆ ಬರೆದಿದ್ದೀರಿ: “ಒಂದು ಕಡೆ ಪ್ರತಿಮೆಯ ಕಂಚು ಜಡವಸ್ತು ಅಂತೀರಿ, ಮುಂದಿನ ಪುಟದಲ್ಲಿ ಜಡವಸ್ತು ತಾನಾಗಿ ಏನೂ ಅಲ್ಲ ಅಂತೀರಿ. ಕೈಗೆ ಸಿಗುವ ಕಂಚು ಏನೂ ಅಲ್ಲವೇ?”

ತಪ್ಪು ನಮ್ಮದೇ. ಆ ಪದ ಹಾಕಬಾರದಿತ್ತು. ಅರಿಸ್ಟಾಟಲ್ ಬಳಸಿದ್ದು ‘ಹೂಲೆ’ ಅನ್ನುವ ಗ್ರೀಕ್ ಪದ. ಆಗಿನ ಗ್ರೀಕ್ ಜನರ ಬಾಯಲ್ಲಿ ಅದಕ್ಕೆ ಕಾಡು, ಕಡಿದ ಮರ, ಸೌದೆ ಅಂತ ಅರ್ಥ. ನಮ್ಮ ‘ಮರ’ವನ್ನೇ ನೋಡಿ. ತೋಟದಲ್ಲಿ ನಿಂತಿರುವುದೂ ಮರ, “ಬಾಗಿಲಿಗೆ ಯಾವ ಮರ ಹಾಕ್ತೀರಿ?” ಅಂತ ಬಡಗಿಯನ್ನು ಕೇಳುವಾಗಿನದೂ ಮರ. ಈ ಎರಡನೆಯದೇ ಅವನ ಹೂಲೆ. ಅದು ಯಾವತ್ತೂ ಯಾವುದಕ್ಕೋ ಹಾಕುವ ಮರ. ಇಟ್ಟಿಗೆ ಮನೆಗೆ ಹೂಲೆ, ಮಣ್ಣು ಇಟ್ಟಿಗೆಗೆ. ಕಂಚು ಕಂಚಾಗಿ ಇದ್ದೇ ಇದೆ. ಅದನ್ನು ಹೂಲೆ ಅನ್ನುವುದು ಪ್ರತಿಮೆಯ ಲೆಕ್ಕದಲ್ಲಿ ಮಾತ್ರ.

ಹಾಗಾದರೆ ‘ಏನೂ ಅಲ್ಲ’ ಎಲ್ಲಿಂದ ಬಂತು? ‘ಮೆಟಾಫಿಸಿಕ್ಸ್’ ಅನ್ನುವ ತನ್ನ ಗ್ರಂಥದ ಏಳನೇ ಭಾಗದಲ್ಲಿ ಅರಿಸ್ಟಾಟಲ್ ಒಂದು ವಸ್ತುವಿನಿಂದ ಗುಣಗಳನ್ನೆಲ್ಲ ಒಂದೊಂದಾಗಿ ಕಳಚುತ್ತಾನೆ, ಕೊನೆಗೆ ಉದ್ದ, ಅಗಲ, ಆಳವನ್ನೂ ತೆಗೆದುಬಿಡುತ್ತಾನೆ, ಆಗ ಉಳಿದಿದ್ದನ್ನು ಇಂಥದ್ದು ಅಂತ ಬೊಟ್ಟು ಮಾಡಿ ತೋರಿಸಲು ಆಗುವುದಿಲ್ಲ. ಹಾಗಾಗಿ ವಸ್ತುವಿನ ತಿರುಳು ಹೂಲೆಯಲ್ಲಿಲ್ಲ ಅನ್ನುತ್ತಾನೆ.

ಮಜಾ ಏನು ಗೊತ್ತಾ? 1641ರಲ್ಲಿ ಫ್ರೆಂಚ್ ತತ್ವಜ್ಞಾನಿ ಡೆಕಾರ್ಟ್ ಇದೇ ಆಟ ಆಡಿ ಒಂದು ಮೆಟ್ಟಿಲು ಮುಂಚೆಯೇ ನಿಂತುಬಿಟ್ಟ. ಅವನ ಕೈಯಲ್ಲಿದ್ದದ್ದು ಗೂಡಿನಿಂದ ಆಗಷ್ಟೇ ತೆಗೆದ ಜೇನುಮೇಣದ ತುಂಡು. ಜೇನಿನ ರುಚಿ ಇನ್ನೂ ಇದೆ, ಹೂವಿನ ವಾಸನೆ ಇದೆ, ಗಟ್ಟಿಯಾಗಿದೆ, ತಣ್ಣಗಿದೆ, ಬೆರಳಲ್ಲಿ ತಟ್ಟಿದರೆ ಸದ್ದು ಬರುತ್ತದೆ. ಬೆಂಕಿಯ ಹತ್ತಿರ ತಂದ. ರುಚಿ ಹೋಯಿತು, ವಾಸನೆ ಹಾರಿತು, ಬಣ್ಣ ಬದಲಾಯಿತು, ಮುಟ್ಟಿದರೆ ಸುಡುವಷ್ಟು ಬಿಸಿ. ಆದರೂ ಅದೇ ಮೇಣ ಅಲ್ವಾ? ಉಳಿದದ್ದು ಜಾಗ ತುಂಬಿಕೊಳ್ಳುವ ಗುಣ, ಅಂದರೆ ಅದೇ ಉದ್ದ, ಅಗಲ, ಆಳ. ಡೆಕಾರ್ಟ್‌ಗೆ ವಸ್ತು ಅಂದರೆ ಅಷ್ಟೇ. ತಾನಾಗಿ ಅಲುಗಾಡದ ಈ ವಸ್ತುವಿಗೆ ‘ಜಡ’ ಸರಿಯಾಗಿ ಒಪ್ಪುತ್ತದೆ. ಅದನ್ನು ಸುಮಾರು ಎರಡು ಸಾವಿರ ವರ್ಷ ಹಿಂದಕ್ಕೆ ಎಳೆದು ಅರಿಸ್ಟಾಟಲ್ ತಲೆಗೆ ಕಟ್ಟಿದ್ದು ನಾವು. (1710ರಲ್ಲಿ ಬರ್ಕ್ಲಿ ಅನ್ನುವ ಇನ್ನೊಬ್ಬ ತತ್ವಜ್ಞಾನಿ ಬಂದು ಇಂಥ ಜಡವಸ್ತು ಇಲ್ಲವೇ ಇಲ್ಲ ಅಂದ. ಅದು ಬೇರೆ ಜಗಳ.)

ಇನ್ನು, ಹಳೆಯ ಗ್ರೀಕ್ ಚಿಂತಕ ಡೆಮಾಕ್ರಿಟಸ್‌ನ ‘ಆಟಮ್’ (ಪರಮಾಣು) ಈಗಿನದ್ದೇನಾ ಅಂತಲೂ ಕೇಳಿದ್ದೀರಿ. ಹೆಸರು ಮಾತ್ರ ಅದೇ. ಗ್ರೀಕ್‌ನಲ್ಲಿ ಅದರ ಅರ್ಥ ‘ಕತ್ತರಿಸಲಾಗದ್ದು’. 1897ರಲ್ಲಿ ವಿಜ್ಞಾನಿ ಥಾಮ್ಸನ್‌ಗೆ ಆಟಮ್‌ಗಿಂತ ಚಿಕ್ಕದಾದ, ಅದರೊಳಗೇ ಇರುವ ಎಲೆಕ್ಟ್ರಾನ್ ಅನ್ನುವ ಕಣ ಸಿಕ್ಕಿದ ಮೇಲೆ ನಮ್ಮ ಆಟಮ್‌ಗೆ ಆ ಹೆಸರು ಸುಮ್ನೆ ಅಂಟಿಕೊಂಡಿದೆ.