ರಕ್ತ ನಿಂತಿದೆ, ಒಳಗಿನ ಕರೆಂಟ್ ಬೇಕೇ?

ಪ್ರಶ್ನೆ: ನಮ್ಮತ್ತೆಗೆ 54 ವರ್ಷ. ಗರ್ಭಕೋಶದ ಬಾಯಿಯ ಕ್ಯಾನ್ಸರ್, 3ಬಿ ಹಂತ. ವಾರಕ್ಕೆ ಐದು ದಿನದಂತೆ 25 ಸಲ ಕರೆಂಟ್ (ವಿಕಿರಣ ಚಿಕಿತ್ಸೆ), ಜೊತೆಗೆ ವಾರಕ್ಕೊಂದು ಕೀಮೋ ಹೇಳಿದ್ದಾರೆ. 18 ಕರೆಂಟ್ ಆಗಿದೆ, ರಕ್ತ ಹೋಗುವುದು ನಿಂತಿದೆ. ಆದರೆ ಭೇದಿ, ವಿಪರೀತ ಸುಸ್ತು. ಕೀಮೋ ಬಿಡಿಸಬಹುದೇ? ಆಮೇಲೆ ಒಳಗಿನಿಂದಲೂ ಕರೆಂಟ್ ಕೊಡಬೇಕಂತೆ. ಅದು ಬೇಕೇ?
– ಓದುಗರು, ಹಾವೇರಿ

ಉತ್ತರ: ಎರಡನೆಯದಕ್ಕೆ ಮೊದಲು ಉತ್ತರಿಸುತ್ತೇವೆ. ಬೇಕೇ ಬೇಕು. ರಕ್ತ ನಿಂತಿತೆಂದರೆ ಗಡ್ಡೆ ಕುಗ್ಗುತ್ತಿದೆ ಎಂದರ್ಥ, ಹೋಯಿತು ಎಂದಲ್ಲ. ಹೊರಗಿನ ಕರೆಂಟನ್ನು 45–50 ಗ್ರೇಗೆ (ಗ್ರೇ ಎಂದರೆ ವಿಕಿರಣದ ಅಳತೆ) ನಿಲ್ಲಿಸಲೇಬೇಕು, ಇಲ್ಲದಿದ್ದರೆ ಕರುಳು, ಮೂತ್ರಕೋಶ ಸುಡುತ್ತವೆ. ಗಡ್ಡೆಗೆ ಬೇಕಿರುವುದು 80 ಗ್ರೇಗೂ ಹೆಚ್ಚು. ಉಳಿದದ್ದನ್ನು ಗರ್ಭಕೋಶದೊಳಗೆ ಸಣ್ಣ ಕೊಳವೆ ಇಟ್ಟು ಗಡ್ಡೆಗೇ ಕೊಡುತ್ತಾರೆ. ಸಾಮಾನ್ಯವಾಗಿ ಎರಡರಿಂದ ನಾಲ್ಕು ಸಲ, ಅರಿವಳಿಕೆ ಅಥವಾ ನೋವಿನ ಮದ್ದು ಕೊಟ್ಟು. ಪ್ರತಿ ಸಲವೂ ವಿಕಿರಣದ ಕಾಳು ಯಂತ್ರಕ್ಕೆ ವಾಪಸಾಗುತ್ತದೆ. ಮನೆಗೆ ಬಂದ ಮೇಲೆ ಮೊಮ್ಮಕ್ಕಳನ್ನು ಧಾರಾಳವಾಗಿ ಎತ್ತಿಕೊಳ್ಳಲಿ.

ಮೊದಲ ಕರೆಂಟಿನ ದಿನದಿಂದ ಎಂಟು ವಾರದೊಳಗೆ ಇದೆಲ್ಲ ಮುಗಿಯಬೇಕು. ತಡವಾದಷ್ಟೂ ಉಳಿದ ಕ್ಯಾನ್ಸರ್ ಕಣಗಳು ಮತ್ತೆ ಬೆಳೆಯುತ್ತವೆ.

ಇನ್ನು ಕೀಮೋ. ಸಾಮಾನ್ಯವಾಗಿ ಕೊಡುವುದು ಸಿಸ್‌ಪ್ಲಾಟಿನ್, ಮೈಯ ಮೇಲ್ಮೈ ವಿಸ್ತೀರ್ಣದ ಪ್ರತಿ ಚದರ ಮೀಟರಿಗೆ 40 ಮಿಲಿಗ್ರಾಂ. ಕರೆಂಟಿನ ಪೆಟ್ಟು ತಿಂದ ಕಣ ಚೇತರಿಸಿಕೊಳ್ಳದಂತೆ ಅದು ತಡೆಯುತ್ತದೆ. ಮುಂಬೈನ ಟಾಟಾ ಆಸ್ಪತ್ರೆಯಲ್ಲಿ 3ಬಿ ಹಂತದ 850 ಮಹಿಳೆಯರ ಮೇಲೆ ನಡೆದ ಅಧ್ಯಯನದಲ್ಲಿ, ಐದು ವರ್ಷದ ನಂತರ ಬದುಕಿದ್ದವರು ಕರೆಂಟ್ ಮಾತ್ರ ಪಡೆದವರಲ್ಲಿ ನೂರಕ್ಕೆ 46, ಎರಡನ್ನೂ ಪಡೆದವರಲ್ಲಿ 54. ಆ ಎಂಟು ಜೀವಗಳಿಗಾಗಿ ಕೀಮೋ. ಮನೆಯಲ್ಲೇ ಕೂತು ಅದನ್ನು ಬಿಡಿಸಬೇಡಿ. ಬಿಳಿ ರಕ್ತಕಣ ಇಳಿದರೆ, ಕಿಡ್ನಿಯ ಕೆಲಸ ತೋರಿಸುವ ಕ್ರಿಯಾಟಿನಿನ್ ರಕ್ತದಲ್ಲಿ ಏರಿದರೆ ಆ ವಾರದ್ದನ್ನು ವೈದ್ಯರೇ ತಡೆಹಿಡಿಯುತ್ತಾರೆ. ಆಗಲೂ ಸಾಮಾನ್ಯವಾಗಿ ಕರೆಂಟ್ ನಡೆಯುತ್ತಲೇ ಇರುತ್ತದೆ.

ನಮಗೆ ಹೆಚ್ಚು ಆತಂಕ ಭೇದಿಯದ್ದು. 3ಬಿಯಲ್ಲಿ ಗಡ್ಡೆ ಮೂತ್ರನಾಳವನ್ನು ಒತ್ತಿ ಕಿಡ್ನಿ ಊದಿರುವುದುಂಟು. ಸಿಸ್‌ಪ್ಲಾಟಿನ್ ಕೂಡ ಕಿಡ್ನಿಗೆ ಭಾರ. ಅದರ ಮೇಲೆ ಮೈಯ ನೀರೂ ಹೋದರೆ ಕಿಡ್ನಿ ಕೈಕೊಡಬಹುದು. ಭೇದಿ ಆಗುತ್ತಿದೆ ಎಂದು ಮುಂದಿನ ಕೀಮೋಗೆ ಮೊದಲೇ ಹೇಳಿ. ಪ್ರತಿ ಭೇದಿಗೂ ಒಂದು ಲೋಟ ಓಆರ್‌ಎಸ್, ಊಟಕ್ಕೆ ಮೆತ್ತಗಿನ ಮಜ್ಜಿಗೆ ಅನ್ನ. ಸೊಪ್ಪು, ಇಡೀ ಕಾಳು, ಹಾಲು ಸದ್ಯಕ್ಕೆ ಬೇಡ. ಮೈಕೈ ನೋವಿಗೆ ಅಂಗಡಿಯ ಡೈಕ್ಲೋಫೆನಾಕ್ ಕೊಡಲೇಬೇಡಿ, ಅದೂ ಕಿಡ್ನಿಗೇ ಹೊಡೆತ. ಜ್ವರ 100.4 ಡಿಗ್ರಿ ಮುಟ್ಟಿದರೆ, ಮೂತ್ರ ಕಡಿಮೆಯಾದರೆ ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಹೋಗಿ.

ಕರೆಂಟಿಗೆ ಮುಂಚೆ ನೀರು ಕುಡಿದು ಮೂತ್ರ ತಡೆದುಕೊಳ್ಳಲು ಹೇಳಿದ್ದರೆ ಅದನ್ನು ತಪ್ಪಿಸಬೇಡಿ. ತುಂಬಿದ ಮೂತ್ರಕೋಶ ಕರುಳನ್ನು ಮೇಲಕ್ಕೆ ತಳ್ಳಿ ಕಿರಣದ ದಾರಿಯಿಂದ ಸರಿಸುತ್ತದೆ. ಸುಸ್ತಿಗೆ ಹಿಮೋಗ್ಲೋಬಿನ್ ನೋಡಿಸಿ. 10ಕ್ಕಿಂತ ಕೆಳಗಿದ್ದರೆ ರಕ್ತ ಬೇಕೇ ಎಂದು ಕೇಳಿ, ಏಕೆಂದರೆ ಆಮ್ಲಜನಕ ಕಡಿಮೆಯಿರುವ ಗಡ್ಡೆಗೆ ಕರೆಂಟ್ ಅಷ್ಟಾಗಿ ನಾಟುವುದಿಲ್ಲ.

18 ಆಗಿದೆ ಎಂದರೆ ನಿಮ್ಮ ಕೈಯಲ್ಲಿರುವುದು ಹೆಚ್ಚೆಂದರೆ ನಾಲ್ಕೂವರೆ ವಾರ. ಒಳಗಿನ ಕರೆಂಟಿಗೆ ಸರದಿ ಉದ್ದವಿರುತ್ತದೆ. 25 ಮುಗಿಯಲಿ ಎನ್ನದೆ ನಾಳೆಯೇ ತಾರೀಖು ಕೇಳಿ.