ಸೀಸದ ಲೆಕ್ಕ ಸರಿಯಿದೆ, ಕೋಬಾಲ್ಟಿನದು ತಪ್ಪಿದೆ

ಆತ್ಮೀಯರೇ,

ಮಣ್ಣಿನ ಮ್ಯಾಂಗನೀಸ್ ಆಕ್ಸೈಡುಗಳ ಅಯಾನು ವಿನಿಮಯ (ಒಂದು ಅಯಾನು ಹೊರಬಂದು ಆ ಜಾಗಕ್ಕೆ ಇನ್ನೊಂದು ಸೇರುವುದು) ಕುರಿತ ನಿಮ್ಮ ಲೇಖನವನ್ನು ಈಗಿನ ರೂಪದಲ್ಲಿ ಪ್ರಕಟಿಸಲಾಗದು. ತಿದ್ದಿ ಕಳಿಸಿ, ಖಂಡಿತ ಮತ್ತೆ ಓದುತ್ತೇವೆ. ಪದರಪದರವಾದ ಮ್ಯಾಂಗನೀಸ್ ಆಕ್ಸೈಡ್ ಖನಿಜವಾದ ಬರ್ನೆಸೈಟಿನ ರಚನೆಯ ಭಾಗ ಚೆನ್ನಾಗಿದೆ: ಪದರಗಳಲ್ಲಿ ಅಲ್ಲಲ್ಲಿ ಮ್ಯಾಂಗನೀಸಿನ ಜಾಗ ಖಾಲಿ, ಕೆಲವೆಡೆ +4ರ ಬದಲು +3, ಅದರಿಂದಾದ ಋಣಾವೇಶವನ್ನು ಪದರಗಳ ನಡುವಿನ ಧನ ಅಯಾನುಗಳು ಸರಿದೂಗಿಸುತ್ತವೆ. ಅದನ್ನು ಮುಟ್ಟಬೇಡಿ.

ತೊಡಕಿರುವುದು ಪ್ರಯೋಗದಲ್ಲಿ. ಕ್ಯಾಲ್ಸಿಯಂ ತುಂಬಿದ ಬರ್ನೆಸೈಟಿಗೆ “104 ಮಿಲಿಗ್ರಾಂ ಸೀಸ ಸೇರಿದರೂ ಹೊರಬಂದ ಕ್ಯಾಲ್ಸಿಯಂ 20 ಮಿಲಿಗ್ರಾಂ ಮಾತ್ರ, ಉಳಿದದ್ದು ಸೋರಿರಬೇಕು” ಎಂದಿದ್ದೀರಿ. ಏನೂ ಸೋರಿಲ್ಲ. ಸೀಸದ ಪರಮಾಣು ತೂಕ 207, ಕ್ಯಾಲ್ಸಿಯಮ್ಮಿನದು 40. ಎರಡೂ ಹೆಚ್ಚುಕಡಿಮೆ ಅರ್ಧ ಮಿಲಿಮೋಲ್, ಎರಡರ ಆವೇಶವೂ +2. ಇಡೀ ಲೇಖನದ ಅತ್ಯುತ್ತಮ ಫಲಿತಾಂಶವನ್ನೇ ದೋಷವೆಂದು ತಳ್ಳಿಹಾಕಿದ್ದೀರಿ! ಕೋಷ್ಟಕವನ್ನೆಲ್ಲ ಮಿಲಿಮೋಲ್ ಆವೇಶಕ್ಕೆ (ಮಿಲಿಮೋಲನ್ನು ಅಯಾನಿನ ಆವೇಶದಿಂದ ಗುಣಿಸಿದ್ದು) ಬದಲಿಸಿ. ಪಿಎಚ್ ಇಳಿದಿದ್ದರೆ ಹೊರಬಂದ ಹೈಡ್ರೋಜನ್ ಅಯಾನುಗಳನ್ನೂ ಕೂಡಿಸಿ.

ಕೋಬಾಲ್ಟಿನ ವಿಷಯ ಬೇರೆ. ಆಕ್ಸೈಡ್ ಅದರಿಂದ ಎಲೆಕ್ಟ್ರಾನ್ ಕಿತ್ತುಕೊಂಡು +2ರಿಂದ +3ಕ್ಕೆ ಏರಿಸುತ್ತದೆ. ಹಾಗೆ ಎಲೆಕ್ಟ್ರಾನ್ ಪಡೆದ ಮ್ಯಾಂಗನೀಸ್ +2 ಆಗಿ ದ್ರಾವಣಕ್ಕೆ ಇಳಿಯಬಹುದು. ನೀವು “ವಿನಿಮಯಗೊಂಡ ಮ್ಯಾಂಗನೀಸ್” ಎಂದದ್ದರಲ್ಲಿ ಇದೂ ಬೆರೆತಿದೆ. ಬೇರ್ಪಡಿಸಲು, ತೊಳೆದ ಮಾದರಿಯನ್ನು ಕ್ಯಾಲ್ಸಿಯಂ ನೈಟ್ರೇಟ್ ದ್ರಾವಣದಲ್ಲಿ ಕಲಕಿ, ಸೆಂಟ್ರಿಫ್ಯೂಜ್ ಮಾಡಿ ತಿಳಿಯನ್ನು ಅಳೆಯಿರಿ. ಮರಳಿ ಬಂದ ಲೋಹವನ್ನಷ್ಟೇ ವಿನಿಮಯದ ಲೆಕ್ಕಕ್ಕೆ ಹಿಡಿಯಿರಿ. ಸೀಸಕ್ಕೂ ಇದೇ ಪರೀಕ್ಷೆ ಬೇಕು: ಅದು ಖಾಲಿ ಜಾಗಗಳ ಬಳಿಯ ಆಕ್ಸಿಜನ್ನಿಗೆ ನೇರವಾಗಿ ಬಿಗಿದುಕೊಳ್ಳುವುದರಿಂದ ಪೂರ್ತಿ ಮರಳುವುದಿಲ್ಲ. ಹೈಡ್ರಾಕ್ಸಿಲಮೈನ್ ಹೈಡ್ರೋಕ್ಲೋರೈಡಿನಿಂದ ಬಿಡಿಸಿದ್ದನ್ನು ಇಲ್ಲಿ ಸೇರಿಸುವಂತಿಲ್ಲ, ಅದು ಖನಿಜವನ್ನೇ ಕರಗಿಸುತ್ತದೆ.

ಮಣ್ಣನ್ನು 105 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಣಗಿಸಿದ್ದೂ ಸರಿಯಲ್ಲ. ಒಣಗಿದ ಮಣ್ಣು ಹಸಿ ಮಣ್ಣಿಗಿಂತ ಹೆಚ್ಚು ಮ್ಯಾಂಗನೀಸ್ ಬಿಡುತ್ತದೆ. ಖನಿಜವೂ ಬದಲಾಗುತ್ತದೆ: ಬರ್ನೆಸೈಟಿನ ನೀರು ತುಂಬಿದ ರೂಪವಾದ ಸೋಡಿಯಂ ಬುಸೆರೈಟಿನಲ್ಲಿ ಸುಮಾರು 1 ನ್ಯಾನೋಮೀಟರ್ ಇರುವ ಪದರಗಳ ಅಂತರ ಒಣಗಿದಾಗ 0.7ಕ್ಕೆ ಕುಸಿಯುತ್ತದೆ. ಹಸಿ ಮಣ್ಣನ್ನೇ ಬಳಸಿ. ತೇವಾಂಶವನ್ನು ಅದೇ ಮಣ್ಣಿನ ಇನ್ನೊಂದು ಪಾಲಿನಲ್ಲಿ ಅಳೆದು ಒಣತೂಕಕ್ಕೆ ಲೆಕ್ಕ ಹಾಕಿ.

“ಎಲ್ಲ ಮ್ಯಾಂಗನೀಸ್ ಆಕ್ಸೈಡುಗಳೂ” ಎಂದು ಆರಂಭವಾಗುವ ಪ್ಯಾರಾ ತೆಗೆಯಿರಿ. ಇನ್ನೊಂದು ಮ್ಯಾಂಗನೀಸ್ ಆಕ್ಸೈಡ್ ಖನಿಜವಾದ ಲಿಥಿಯೋಫೊರೈಟಿನ ಪದರಗಳ ನಡುವೆ ಅಲ್ಯುಮಿನಿಯಂ, ಲಿಥಿಯಂಗಳ ಹೈಡ್ರಾಕ್ಸೈಡ್ ಹಾಳೆಯೇ ಕೂತಿರುತ್ತದೆ, ಅಲ್ಲಿ ಬರ್ನೆಸೈಟಿನಂಥ ವಿನಿಮಯ ನಡೆಯದು.

ಮುಂದಿನ ಪ್ರತಿಯಲ್ಲಿ ಲೋಹ ಸೇರಿಸದ ನಳಿಕೆಯ ಅಳತೆಯೂ ಪ್ರತಿ ನಳಿಕೆಯ ಆರಂಭದ ಮತ್ತು ಕೊನೆಯ ಪಿಎಚ್ ಕೂಡ ಇರಲಿ.

ಸಂಪಾದಕರು